ನಿಂತು ನೀರು ಕುಡಿದವನು

ಸಿದ್ದರಾಜು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದ. ಮಗಳು ದೀಪಿಕ ಆಗಲೇ ಬೀದಿಯ ತಿರುವಿನಲ್ಲಿ ನಿಂತು ಬಸ್ಸು ಬರುವ ಕಡೆಗೆ ಕತ್ತು ಚಾಚಿದ್ದಳು. ಅಷ್ಟರಲ್ಲಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನವ್ವ ಚಿಕ್ಕನಂಜಮ್ಮ ತಲೆಯೆತ್ತಿ, "ಎತ್ತಗ್ಲಾ ವೊಂಟೆ?" ಎಂದುಬಿಟ್ಟಳು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು, ಏನೂ ಆಗಿಲ್ಲವೆಂಬಂತೆ ಹೊಸದಾಗಿ ಹೊರಡಬೇಕು. ಆ ಮನೆಯಲ್ಲಿ ಇದನ್ನು ಬಿಡದೆ ನಡೆಸಿಕೊಂಡು ಬಂದವಳು ಚಿಕ್ಕನಂಜಮ್ಮ. ಎಲ್ಲರಿಗಿಂತ ಹೆಚ್ಚು ಸಲ ಮರೆತು ಕೇಳುವವಳೂ ಅವಳೇ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು, ಮಗನನ್ನು ಒಳಕ್ಕೆ ಕರೆದು, ಚಾಪೆ ಹಾಸಿ ನೀರು ಕೊಟ್ಟಳು. ಲೋಟ ಖಾಲಿಯಾಗುವ ಮೊದಲೇ ಮದ್ದೂರಿನ ಬಸ್ಸು ಹಾರನ್ ಹೊಡೆದುಕೊಂಡು ಹೊರಟುಹೋಯಿತು.

ಅವತ್ತಿನ ಕೆಲಸ ಮಾತ್ರ ಕೆಡಬಾರದು ಎಂದು ಸಿದ್ದರಾಜುವಿಗೆ ತುಂಬ ಆಸೆಯಿತ್ತು. ದೀಪಿಕ ಭಾರತೀನಗರದಲ್ಲಿ ಡಿಗ್ರಿ ಓದುತ್ತಿದ್ದಳು. ಅವಳ ಕಾಲೇಜಿನ ಸಿನಿಮಾ ಬಳಗದವರು ಒಂದು ಸ್ಪರ್ಧೆ ಇಟ್ಟಿದ್ದರು. ಅಪ್ಪನನ್ನೋ ಅಮ್ಮನನ್ನೋ ಅವರು ತಾವಾಗಿ ಎಂದೂ ಹೋಗದಂಥ ಸಿನಿಮಾಕ್ಕೆ ಕರೆದೊಯ್ಯಬೇಕು. ಅದರ ಬಗ್ಗೆ ಅವರು ಏನನ್ನುತ್ತಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ತರಬೇಕು. ದೀಪಿಕ ಮೊದಲು ಕರೆದದ್ದು ಅಮ್ಮ ಮಂಗಳಮ್ಮನನ್ನೇ. ಅವಳು ಬಾಯಿ ತೆರೆದರೆ ಮೊಬೈಲಿನ ಬ್ಯಾಟರಿ ಮುಗಿಯಬೇಕೇ ಹೊರತು ಮಾತು ಮುಗಿಯುತ್ತಿರಲಿಲ್ಲ. ಆದರೆ ಅದೇ ದಿನ ಮಳವಳ್ಳಿಯಲ್ಲಿ ತಂಗಿಯ ಮಗಳ ಬೀಗರೂಟ ಬಿದ್ದಿತು. ಮಂಗಳಮ್ಮ ಹೆಚ್ಚು ಯೋಚನೆಗೆ ಹೋಗದೆ ಬಾಡೂಟದ ಕಡೆಗೆ ಹೊರಟಳು. ಉಳಿದವನು ಸಿದ್ದರಾಜು.

ಅವನು ಊರಿನ ನೀರುಗಂಟಿ. ನಲ್ಲಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ನೀರು ಬಂದ ದಿನ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಬಾರದ ದಿನ ಅವನು ಮಾತಾಡಬೇಕಾಗಿಲ್ಲ, ಊರೇ ಮಾತಾಡುತ್ತದೆ. ಹೀಗಾಗಿ ಅವನಿಗೆ ಮಾತಿನ ಅಭ್ಯಾಸ ತಪ್ಪಿತ್ತು. ದೀಪಿಕ ಚಿಕ್ಕವಳಿದ್ದಾಗ ಸೈಕಲ್ಲಿನ ಮುಂದೆ ಕೂತು, ಟ್ಯಾಂಕಿನವರೆಗೂ ಒಂದೇ ಸಮನೆ ಏನಾದರೂ ಕೇಳುತ್ತಿದ್ದಳು. ಅವನು ಯೋಚಿಸಿ ಉತ್ತರ ಹೇಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ. ಕಾಲೇಜು ಸೇರಿದ ಮೇಲೆ ಪ್ರಶ್ನೆಗಳು ನಿಂತವು. ಈಗ ಅಪ್ಪ ಮಗಳ ನಡುವೆ ಉಳಿದದ್ದು ಉಂಡೆಯಾ, ಊಂ, ಇಷ್ಟೇ. ಯಾಕೆ ನಿಂತವು ಎಂದು ಅವನಿಗೂ ಗೊತ್ತಿರಲಿಲ್ಲ. ಕೇಳುವುದಕ್ಕೆ ಒಂದು ಮಾತು ಬೇಕಲ್ಲ. ಈಗ ತಾನಾಗಿ ಬಂದು, ನೀನು ಮಾತಾಡು, ನಾನು ಕೇಳುತ್ತೇನೆ ಎಂದಿದ್ದಾಳೆ. ಅಮ್ಮ ಒಲ್ಲೆ ಎಂದ ಮೇಲೆಯೇ ಬಂದಳೆನ್ನುವುದು ನಿಜ. ಆದರೂ ಬಂದಳಲ್ಲ.

ಮುಂದಿನ ಬಸ್ಸು ಹಿಡಿದು, ಮದ್ದೂರಿನಲ್ಲಿ ಇಳಿದು ಇನ್ನೊಂದು ಹತ್ತಿ, ಮಂಡ್ಯದ ಥಿಯೇಟರಿನೊಳಗೆ ತಡವರಿಸಿಕೊಂಡು ಹೋಗುವ ಹೊತ್ತಿಗೆ ಪರದೆಯ ಮೇಲೆ ಒಂದು ರೈಲು ಸೇತುವೆಯಿಂದ ನದಿಗೆ ಬೀಳುತ್ತಿತ್ತು. ದೀಪಿಕ ಹಣೆ ಒತ್ತಿಕೊಂಡಳು. ಎಲ್ಲವನ್ನೂ ಬಿಡಿಸಿ ಹೇಳುವುದು ಮೊದಲಿಗೇ ಅಂತೆ. ಅದು ತಪ್ಪಿದರೆ ತಲೆಬುಡ ತಿಳಿಯುವುದಿಲ್ಲವಂತೆ. ಪಿಸುಮಾತಿನಲ್ಲೂ ಅವಳ ಸಿಟ್ಟು ಚೆನ್ನಾಗಿಯೇ ಕೇಳಿಸಿತು. ಸಿದ್ದರಾಜು ತಪ್ಪು ಮಾಡಿದವನಂತೆ ಕುರ್ಚಿಯ ತುದಿಯಲ್ಲಿ ಕೂತ.

ಮಾತೆಲ್ಲ ಇಂಗ್ಲಿಷು. ಅವನು ಕಿವಿಯ ಆಸೆ ಬಿಟ್ಟು ಕಣ್ಣಲ್ಲೇ ನೋಡತೊಡಗಿದ. ನೆಲದೊಳಗೆ ಒಂದು ಕೋಣೆ, ಅದಕ್ಕೊಂದು ಕಬ್ಬಿಣದ ಬಾಗಿಲು. ಬಾಗಿಲಲ್ಲಿ ಬಿಳಿ ಕೋಟು ತೊಟ್ಟ ಒಬ್ಬ ಮುದುಕಿ. ಹೀರೋ ದಡದಡ ಹೊರಟರೆ ಅವಳು ಏನೋ ಕೇಳುತ್ತಾಳೆ. ಅವನು ಗಕ್ಕನೆ ನಿಲ್ಲುತ್ತಾನೆ. ಅವಳು ಒಂದು ಗಾಜಿನ ಲೋಟದಲ್ಲಿ ನೀಲಿ ನೀರು ಕೊಡುತ್ತಾಳೆ, ಅವನು ಗಟಗಟ ಕುಡಿದು ಹೊರಗೆ ಓಡುತ್ತಾನೆ. ಹೊರಗೆ ನೋಡಿದರೆ ಅದೇ ಬೆಳಗು ಮತ್ತೆ ಮೊದಲಿನಿಂದ! ನದಿ ಹಿಂದಕ್ಕೆ ಹರಿಯುತ್ತದೆ, ಬಿದ್ದ ಬೋಗಿಗಳು ನೀರಿನಿಂದ ಎದ್ದು ಸೇತುವೆ ಹತ್ತುತ್ತವೆ. ಒಡೆದ ಗಾಜು ಕೂಡಿಕೊಳ್ಳುತ್ತದೆ. ಮುಸುಕಿನವನೊಬ್ಬ ಹೀರೋಗೆ ಹೊಡೆಯುತ್ತಾನೆ. ಮುಸುಕು ಕಿತ್ತರೆ ಅವನೂ ಹೀರೋನೇ. ಇವನು ಇವತ್ತಿನವನು, ಅವನು ನಾಳೆಯವನು ಎಂದು ಹಿಂದಿನ ಸಾಲಿನ ಹುಡುಗರು ಲೆಕ್ಕ ಹಾಕಿ ಜಗಳಕ್ಕೇ ಬಿದ್ದಿದ್ದರು. ಇಷ್ಟೆಲ್ಲ ಆಗಿಯೂ ರೈಲು ಮತ್ತೆ ಬಿತ್ತು.

ಸಿದ್ದರಾಜುವಿಗೆ ಆಗ ಎಲ್ಲ ತಿಳಿದುಹೋಯಿತು. ಬೆಳಿಗ್ಗೆ ತಾನೇ ಮಾಡಿ ಬಂದದ್ದಲ್ಲವೇ? ಹೊರಟವನನ್ನು ಮುದುಕಿ ಕೇಳಿಬಿಟ್ಟಿದ್ದಾಳೆ. ಅವನು ನೀರು ಕುಡಿದು ಹೊಸದಾಗಿ ಹೊರಡುತ್ತಿದ್ದಾನೆ. ಆದರೆ ಇಷ್ಟು ದೊಡ್ಡ ಮನುಷ್ಯ, ಇಷ್ಟು ಬಂದೂಕು ಇಟ್ಟುಕೊಂಡವನು, ನಿಂತು ಕುಡಿಯುತ್ತಿದ್ದಾನೆ! ಕೂರದೆ ಕುಡಿದರೆ ಕುಡಿದ ಲೆಕ್ಕವೇ ಅಲ್ಲ. ಪ್ರತಿ ಸಲ ಲೋಟ ಕೈಗೆ ಬಂದಾಗಲೂ ಸಿದ್ದರಾಜುವಿನ ಮೊಣಕಾಲು ಕುಣಿಯುತ್ತಿತ್ತು. ಕೂತ್ಕೊಳೋ, ಕೂತ್ಕೊಳೋ. ಅವನು ಕೂರುತ್ತಿರಲಿಲ್ಲ, ರೈಲು ನಿಲ್ಲುತ್ತಿರಲಿಲ್ಲ. ಕೊನೆಗೊಮ್ಮೆ ಹೊಟ್ಟೆಗೆ ಗುಂಡು ತಗಲಿ, ಗೋಡೆಗೆ ಒರಗಿ ಕುಸಿದು ಕೂತ. ಮುದುಕಿ ಬಗ್ಗಿ ಲೋಟ ಹಿಡಿದಳು. ಕೂತೇ ಕುಡಿದ. ರೈಲು ಸೇತುವೆ ದಾಟಿತು. ಸಿದ್ದರಾಜು ಆಗ ಬೆನ್ನನ್ನು ಕುರ್ಚಿಗೆ ಆನಿಸಿದ.

ಹೊರಗೆ, ಸ್ಕೂಟರುಗಳ ಸಾಲಿನ ಪಕ್ಕ, ದೀಪಿಕ ಅವನನ್ನು ಗೋಡೆಗೆ ನಿಲ್ಲಿಸಿ ಮೊಬೈಲು ಹಿಡಿದಳು. ಮಾತಾಡು ಎಂದಳು. ಅವನ ಗಂಟಲಿನವರೆಗೂ ಬಂದಿದ್ದ ಮಾತು, ಆ ಗಾಜಿನ ಕಣ್ಣು ಕಂಡೊಡನೆ ಸಿನಿಮಾದ ನದಿಯ ಹಾಗೆ ಹಿಂದಕ್ಕೆ ಹರಿದುಹೋಯಿತು.

"ಚೆನ್ನಾಗೈತೆ," ಎಂದ.

ಏನು ಚೆನ್ನಾಗಿದೆ ಎಂದು ಹೇಳಬೇಕಂತೆ. ಅವನು ಅಂಗಿಯ ಗುಂಡಿ ಸರಿಮಾಡಿಕೊಂಡು, ಇನ್ನೂ ಸ್ವಲ್ಪ ಗಟ್ಟಿಯಾಗಿ ಅದನ್ನೇ ಹೇಳಿದ. ಮೂರನೆಯ ಸಲ "ಬೋ ಚೆನ್ನಾಗೈತೆ" ಆಯಿತು. ನಾಲ್ಕನೆಯ ಸಲಕ್ಕೆ ಅದೂ ಬರಲಿಲ್ಲ, ಸುಮ್ಮನೆ ತಲೆ ಆಡಿಸಿದ. ದೀಪಿಕ ಮೊಬೈಲು ಕೆಳಗಿಳಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬುಡಪ್ಪ. ಇನ್ನೊಂದಿನ ಅಮ್ಮನ್ನೇ ಕರ್ಕಂಡು ಬತ್ತೀನಿ," ಎಂದಳು.

ಮಂಡ್ಯದ ಬಸ್ಸಿನಿಂದ ಮದ್ದೂರಿನಲ್ಲಿ ಇಳಿದರು. ಅಲ್ಲಿ ಊರಿಗೆ ಹೋಗುವ ಬೆಸಗರಹಳ್ಳಿ ಕಡೆಯ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ಪಕ್ಕದಲ್ಲಿ ಯಾರೋ ಹೆಂಗಸು ಕೂತಿದ್ದರಿಂದ ಸಿದ್ದರಾಜು ಹಿಂದಿನ ಸೀಟಿಗೆ ಹೋದ. ಅಲ್ಲಿದ್ದವನು ಅವರದೇ ಬೀದಿಯ ಚಿಕ್ಕಬೋರಯ್ಯ, ಎಳನೀರು ಮಾರುಕಟ್ಟೆಯಿಂದ ವಾಪಸು ಹೊರಟವನು. ಅಪ್ಪ ಮಗಳು ಸಿನಿಮಾಕ್ಕೆ ಹೋಗಿದ್ದರೆಂದು ತಿಳಿದು ಅವನಿಗೆ ಸುಮ್ಮನಿರಲಾಗಲಿಲ್ಲ.

"ಏನ್ಲಾ ಕತೆ?"

"ಕತೆ ಏನಣ್ಣ. ಒಬ್ಬ ಕೆಲ್ಸುಕ್ಕೆ ವೊಂಟವ್ನೆ. ಬಾಗ್ಲಲ್ಲಿ ಒಂದು ಮುದ್ಕಿ ಎಲ್ಲಿಗೆ ಅಂತ ಕೇಳ್ಬುಡ್ತಳೆ."

"ಕೆಡ್ತು ಬುಡು."

"ಕೆಡ್ತು. ನೀರು ಕುಡುದು ತಿರ್ಗ ವೊಂಡ್ತನೆ. ಆದ್ರೂ ರೈಲು ಬಿದ್ದೋಯ್ತದೆ. ಯಾಕೇಳು?"

"ಯಾಕ್ಲಾ?"

"ನಿಂತ್ಕಂಡು ಕುಡುದ್ನಲ್ಲಣ್ಣ, ಬಡ್ಡೀಮಗ."

ಚಿಕ್ಕಬೋರಯ್ಯ ತೊಡೆ ತಟ್ಟಿಕೊಂಡ. ಇಂಗ್ಲಿಷಿನವರಿಗೆ ಕೂತು ಕುಡಿಯಬೇಕೆಂದು ಹೇಳಿಕೊಡಲು ಮನೆಯಲ್ಲಿ ಹಿರಿಯರು ಬೇಡವೇ ಎಂದು ಅವನ ವಾದ. ಸಿದ್ದರಾಜು ಉತ್ಸಾಹಗೊಂಡು ಮುಸುಕಿನವನ ಹೊಡೆದಾಟ, ಎದ್ದು ಬಂದ ಬೋಗಿಗಳು ಎಲ್ಲವನ್ನೂ ಕೈಯಾಡಿಸಿಕೊಂಡು ಹೇಳುತ್ತ ಹೋದ. ಮುಂದಿನ ಸೀಟಿನಲ್ಲಿ ದೀಪಿಕಳ ಭುಜ ನಗುವಿನಿಂದ ಅಲುಗುತ್ತಿತ್ತು. ಕೊನೆಗೆ ಇಯರ್‌ಫೋನು ಕಿತ್ತು ಹಿಂದಕ್ಕೆ ತಿರುಗಿದಳು.

"ಅಪ್ಪ, ಅದು ನೀರಲ್ಲ, ಔಷ್ದಿ. ಅದುನ್ನ ಕುಡುದ್ರೆ ಕಾಲ ಹಿಂದಕ್ಕೆ ಓಯ್ತದೆ."

"ನಮ್ಮನೇಲೂ ಅಂಗೇ ಅಲ್ವಾ ಮಗ? ನೀರು ಕುಡುದ್ ಮ್ಯಾಕೆ ಅವ್ವ ಕೇಳೇ ಇಲ್ಲ ಅಂತ ತಾನೆ ಲೆಕ್ಕ."

ದೀಪಿಕ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಳು. ಆ ಮುದುಕಿ ಕೇಳುವುದು ಎಲ್ಲಿಗೆ ಎಂದಲ್ಲ, ಇದು ಎಷ್ಟನೆಯ ಸಲ ಎಂದು. ಪ್ರತಿ ಸಲವೂ ಎಲ್ಲರಿಗೂ ಎಲ್ಲ ಮರೆತುಹೋಗಿರುತ್ತದೆ, ನೆನಪಿರುವುದು ಹೀರೋ ಒಬ್ಬನಿಗೇ ಎಂದು ವಿವರಿಸಿದಳು. ಬಸ್ಸು ಒಂದು ನಿಲ್ದಾಣ ದಾಟಿತು.

"ಅಂಗಾರೆ ಪಾಪ ಕಣವ್ವ," ಎಂದ ಸಿದ್ದರಾಜು ಆಮೇಲೆ. "ಎಲ್ಲಾನೂ ಅವ್ನೊಬ್ನೇ ಕಂಡವ್ನೆ. ಯಾರ್ಗೇಳುದ್ರೂ ಅರ್ತ ಆಗಕಿಲ್ಲ. ಅದ್ಕೇ ಅವ್ನು ಅಷ್ಟು ಕಮ್ಮಿ ಮಾತಾಡದು."

ದೀಪಿಕ ಸೀಟಿನ ಕಂಬಿಯ ಮೇಲೆ ಗದ್ದವಿಟ್ಟು ಅಪ್ಪನನ್ನೇ ನೋಡಿದಳು. ಹೀರೋ ಕಡಿಮೆ ಮಾತಾಡುತ್ತಾನೆಂಬುದನ್ನು ಅವಳು ಗಮನಿಸಿರಲಿಲ್ಲ. ಪಕ್ಕದ ಹೆಂಗಸು ಇಳಿದಳು. ದೀಪಿಕ ಕಿಟಕಿಗೆ ಒತ್ತಿ ಕೂತು, ಬಾ ಎಂಬಂತೆ ಸೀಟು ತಟ್ಟಿದಳು. ಉಳಿದ ದಾರಿಯುದ್ದಕ್ಕೂ ಇಬ್ಬರೂ ವಾದಿಸಿದರು. ಚಿಕ್ಕಬೋರಯ್ಯ ಹಿಂದಿನಿಂದ ಮುದುಕಿಯ ಪರ ವಹಿಸಿ ಯಾರಿಗೂ ಬೇಡವಾದ.

ಊರಿನಲ್ಲಿ ಇಳಿದ ಮೇಲೆ ದೀಪಿಕಳಿಗೆ ನೆನಪಾಯಿತು. ಅಷ್ಟು ಮಾತಿನಲ್ಲಿ ಒಂದನ್ನೂ ಅವಳು ಮೊಬೈಲಿಗೆ ಹಿಡಿದಿರಲಿಲ್ಲ. ಸಿದ್ದರಾಜುವಿನ ಮುಖ ಸಣ್ಣದಾಯಿತು. ಇನ್ನೊಂದು ಸಲ ಹೇಳಲೇ ಎಂದು ಕೇಳಿ, ಅಲ್ಲೇ ಕರೆಂಟು ಕಂಬದ ಪಕ್ಕ ಕೈಕಟ್ಟಿ ನಿಂತೂ ಬಿಟ್ಟ. ಅವಳು ಮೊಬೈಲು ತೆಗೆದಳು. ಪರದೆಯಲ್ಲಿ ಅಪ್ಪ ಆಗಲೇ ಚೆನ್ನಾಗೈತೆ ಎನ್ನುವವನ ಹಾಗೆ ಸೆಟೆದುಕೊಂಡಿದ್ದ. ಅವಳು ಸ್ವಲ್ಪ ಹೊತ್ತು ನೋಡಿ, ಮೊಬೈಲನ್ನು ಬ್ಯಾಗಿಗೆ ಹಾಕಿದಳು.

"ಬ್ಯಾಡ ಬಾಪ್ಪ," ಎಂದು ನಡೆಯತೊಡಗಿದಳು. ನಾಲ್ಕು ಹೆಜ್ಜೆ ಹಾಕಿ ತಿರುಗಿದಳು. "ಅಪ್ಪ, ಅವ್ನು ಆ ಮುದ್ಕಿಗೆ ಎಲ್ಲಾನೂ ಬರ್ದು ಕೊಡಬೋದಿತ್ತಲ್ವಾ? ಯಾಕ್ ಕೊಡ್ಲಿಲ್ಲ?"

ಸಿದ್ದರಾಜು ದಾರಿಯ ಮಧ್ಯೆ ನಿಂತು ಯೋಚಿಸತೊಡಗಿದ. ಒಂದು ಉತ್ತರ ಹೊಳೆಯಿತು, ಸರಿಯಿಲ್ಲವೆನಿಸಿ ಬಿಟ್ಟ. ಇನ್ನೊಂದು ಬರುತ್ತಿತ್ತು, ಅದು ಸ್ವಲ್ಪ ನಿಧಾನ. ದೀಪಿಕ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಬೇರೇನೂ ಕೇಳದೆ, ಕಾದು ನಿಂತಳು.