ಬಾಗಿಲು ಹಾಕುವ ಅಧ್ಯಾಯ

ಯಾರ ಮನೆಗೆ ಹೋದರೂ ಅಕ್ಕ ತನ್ನ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಟ್ಟೇ ಒಳಗೆ ಕಾಲಿಡುವುದು. ಕೂರುವುದು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ; ಕಾದಂಬರಿ ಓದುವುದು ಕಡೆಯ ಪುಟದಿಂದ; ಬಸ್ಸು ಹತ್ತುವ ಮೊದಲು ಕಂಡಕ್ಟರನ್ನು ಕೇಳುವುದು, ಆ ಕಡೆಯಿಂದ ವಾಪಸು ಬರುವ ಕೊನೆಯ ಬಸ್ಸು ಯಾವುದೆಂದು. ಇದನ್ನೆಲ್ಲ ಕಂಡು ಆಕೆಯನ್ನು ಅಂಜುಬುರುಕಿ ಎಂದುಕೊಂಡವರು ಕೆಟ್ಟರು. ಒಮ್ಮೆ ಕುಳಿತಳೆಂದರೆ ಸುಲಭಕ್ಕೆ ಮಿಸುಕುವವಳಲ್ಲ, ಮತ್ತು ಅಷ್ಟು ಹೊತ್ತಿನಲ್ಲಿ ಆ ಮನೆಯವರ ಸಮಸ್ತ ಮನೋರಥಗಳೂ ಆಕೆಯ ಒಂದೇ ಒಂದು ಪ್ರಶ್ನೆಯ ಮುಂದೆ ತಲೆತಗ್ಗಿಸಿ ನಿಂತಿರುತ್ತವೆ. ಆ ಪ್ರಶ್ನೆ, “ಸರಿ, ಆಮೇಲೆ?”

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ನಮ್ಮ ಬಳಗದಲ್ಲಿ ಸ್ಕೂಟರು ಕೊಳ್ಳುವವರು, ಮಹಡಿ ಕಟ್ಟಿಸುವವರು, ಕೆಲಸ ಬಿಡುವವರು ಎಲ್ಲರೂ ಆ ಮೂರಕ್ಷರಕ್ಕೆ ಹೆದರಿ ಆಕೆಗೆ ಸುದ್ದಿಯನ್ನು ತಡವಾಗಿಯೇ ಮುಟ್ಟಿಸುತ್ತಿದ್ದರು. “ಮದುವೆ ದಿನ ನನ್ನನ್ನೂ ಹೀಗೇ ಕೇಳಿದ್ಲು, ಇವತ್ತಿನ ತನಕ ಉತ್ತರ ಹುಡುಕ್ತಾ ಇದೀನಿ,” ಎಂದು ಭಾವ ನಗುತ್ತಿದ್ದರು.

ಆಕೆಯ ಇನ್ನೊಂದು ಗುರುತು, ಮಾಸಿದ ನೀಲಿಯ ಒಂದು ಕೋಟು. ಸೂಟ್‌ಕೇಸು, ಕೈಚೀಲಗಳನ್ನು ತಯಾರಿಸುವ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದಾಗ ಕೊಟ್ಟದ್ದು ಅದು. ಎದೆಯ ಮೇಲಿದ್ದ ಕಂಪನಿಯ ಹೆಸರಿನ ನೂಲನ್ನು ಎಳೆಎಳೆಯಾಗಿ ಬಿಡಿಸಿ ತೆಗೆದಿದ್ದಾಳೆ. ಆದರೂ ಅಲ್ಲಷ್ಟೇ ನೀಲಿ ಹೊಸದಾಗಿ ಉಳಿದು, ಇಲ್ಲದ ಹೆಸರನ್ನು ಈಗಲೂ ಓದಬಹುದು. ಒಂದು ಸೋಮವಾರ ಆಕೆ ಕೆಲಸಕ್ಕೆ ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಹೇಳಿದವರಿಲ್ಲ, ಕೇಳಿದರೆ ಉತ್ತರ ಕೊಡುವವರಿಲ್ಲ. ಆಕೆಯ ಊಟದ ಡಬ್ಬಿ, ಓದುವ ಕನ್ನಡಕ, ಕೈಗೆ ಪಳಗಿದ್ದ ದೊಡ್ಡ ಕತ್ತರಿ ಎಲ್ಲವೂ ಒಳಗೇ ಉಳಿದವು. ಒಗೆಯಲೆಂದು ಮನೆಗೆ ತಂದಿದ್ದರಿಂದ ಕೋಟು ಬಚಾವಾಯಿತು. ಆ ಕತ್ತರಿಗಾಗಿ ಆಕೆ ಬಿಕ್ಕಿಬಿಕ್ಕಿ ಅತ್ತದ್ದನ್ನು ನೋಡಿ ನನಗೂ ಕಣ್ಣು ತುಂಬಿ ಬಂದಿತ್ತು. ಪ್ರಶ್ನೆ ಆಕೆಗೆ ಹುಟ್ಟಿನಿಂದಲೇ ಇತ್ತು. ಅದಕ್ಕೆ ಹರಿತ ಬಂದದ್ದು ಆ ಸೋಮವಾರದಿಂದ.

ಅತ್ತು ಮುಗಿಸಿದವಳು ಮುಖ ತೊಳೆದು ಬಂದು, ಚೀಲ ರಿಪೇರಿಯ ಅಂಗಡಿ ಇಡುತ್ತೇನೆ ಎಂದಳು. ಕಿತ್ತ ಜಿಪ್ಪು, ಹರಿದ ಹಿಡಿ, ಮುರಿದ ಚಕ್ರ. ಬಸ್‌ ನಿಲ್ದಾಣದೆದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಹಿಂದೆ ಗಡಿಯಾರ ರಿಪೇರಿಯವನಿದ್ದ ಕೋಣೆಯೊಂದು ಖಾಲಿ ಬಿದ್ದಿತ್ತು. ಹರಿದ ಚೀಲಗಳು ತಾವಾಗಿಯೇ ನಡೆದುಬರುವಂಥ ಜಾಗ. ಬೇರೆಡೆಯ ಬಾಡಿಗೆ ಆಕೆಯ ಕೈಗೆ ಎಟುಕುವಂತಿರಲಿಲ್ಲ. ಆ ಕೋಣೆ ಸಿಕ್ಕರೆ ಅಂಗಡಿ, ಇಲ್ಲದಿದ್ದರೆ ಇಲ್ಲ. ಆದರೆ ಕಟ್ಟಡದ ಯಜಮಾನರು ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬಾಯಿಮಾತನ್ನು ನಂಬುವ ಆಸಾಮಿಯಲ್ಲ. ಕೋಣೆ ಕೇಳಿ ಬಂದವರಿಗೆಲ್ಲ ಅವರದು ಒಂದೇ ಮಾತು: “ಏನು ಮಾಡ್ತೀರಿ, ಹೇಗೆ ನಡೆಸ್ತೀರಿ, ಎಲ್ಲಾ ಬರೆದು ತನ್ನಿ. ಓದಿ ಹೇಳ್ತೀನಿ.”

ಬಳಗದಲ್ಲಿ ನಾಲ್ಕಕ್ಷರ ಬರೆಯುವವನೆಂಬ ಅಪಖ್ಯಾತಿ ನನಗಿದ್ದುದರಿಂದ ಅಂಗಡಿಯ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಪ್ರಯಾಣವೆಂಬುದು ಮಾನವಜೀವನದ ಅವಿಭಾಜ್ಯ ಅಂಗ’ ಎಂದು ನಾನು ಗಂಭೀರವಾಗಿ ಆರಂಭಿಸಿದೆ.

“ಅಂಗಡಿ ಕಣೋ ಇದು, ಭಾಷಣ ಅಲ್ಲ. ಹೊಡೆದು ಹಾಕು.”

ಗ್ರಾಹಕರು ಬರುತ್ತಾರೆ ಎಂದು ಬರೆದೆ. ಆಮೇಲೆ? ಚೀಲ ಕೊಟ್ಟು ಹೋಗುತ್ತಾರೆ. ಆಮೇಲೆ? ಚೀಲಕ್ಕೊಂದು ಚೀಟಿ ಕಟ್ಟಿ, ಅದರ ಅರ್ಧವನ್ನು ಅವರ ಕೈಗೆ ಕೊಡುವುದು. ಆಮೇಲೆ? ಹೇಳಿದ ದಿನಕ್ಕೆ ಮುಗಿಸಿಡುವುದು. ಅವರು ಬರದೇ ಹೋದರೆ? ಕಪಾಟಿನಲ್ಲಿ ಜೋಪಾನ. ಆಮೇಲೆ? ಮಧ್ಯಾಹ್ನವೆಲ್ಲ ಇದೇ ಆಗಿ, ಬೆರಳು ನೋಯತೊಡಗಿ, ನಾನು ರೇಗಿ, ‘ಆಮೇಲೆ ಒಂದು ದಿನ ಅಂಗಡಿ ಮುಚ್ಚುತ್ತದೆ’ ಎಂದು ಗೀಚಿದೆ.

ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ಹಾಂ, ಈಗ ಬಂದೆ ನೋಡು ದಾರಿಗೆ. ಮುಂದೆ ಬರಿ.”

ಆ ಅಧ್ಯಾಯ ಉಳಿದೆಲ್ಲ ಅಧ್ಯಾಯಗಳನ್ನು ಮೀರಿ ಬೆಳೆಯಿತು. ಮುಚ್ಚುವ ತಿಂಗಳು ಮೊದಲೇ ಬಾಗಿಲಿಗೆ ಬೋರ್ಡು. ಅಂದಿನಿಂದ ಹೊಸ ಚೀಲ ತೆಗೆದುಕೊಳ್ಳುವಂತಿಲ್ಲ. ಇದ್ದವು ಅವರವರ ಕೈಗೆ, ಬಾರದವರದು ಅವರವರ ಮನೆಗೆ. ಕೆಲಸದವರು ಯಾರಾದರೂ ಇದ್ದರೆ ಎಲ್ಲರಿಗಿಂತ ಮೊದಲು ಅವರಿಗೆ ತಿಳಿಸುವುದು. ಗೋಡೆಯ ಮೊಳೆ ಕಿತ್ತು, ತೂತು ಮುಚ್ಚಿ, ಸುಣ್ಣ ಬಳಿದು, ಬೀಗದ ಕೈಯನ್ನು ಯಜಮಾನರ ಕೈಯಲ್ಲೇ ಇಡುವುದು.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದೀನಿ ಅಕ್ಕ, ಕೂಸಿನ ಪಿಂಚಣಿ ಲೆಕ್ಕ ಹಾಕೋರನ್ನ ಇವತ್ತೇ ನೋಡಿದ್ದು!” ಎಂದೆ. “ಇದನ್ನ ತೆಗಿ. ಓದಿದ್ರೆ ಕೋಣೆ ಕೈತಪ್ಪುತ್ತೆ.”

“ತಪ್ಪಿದ್ರೆ ತಪ್ಪಲಿ. ಸರಿಯಾಗಿ ಬೀಗ ಹಾಕೋಕೆ ಬರದೇ ಇರೋರು ಬೀಗ ತೆಗೀಲೇಬಾರ್ದು.” ನಾನು ಆ ಅಧ್ಯಾಯವನ್ನು ಹಾಗೇ ಉಳಿಸಿ ಹಾಳೆಗಳನ್ನು ಜೋಡಿಸಿದೆ.

ಯಜಮಾನರು ಪ್ರತಿ ಸಾಲಿನಡಿ ಅಳತೆಪಟ್ಟಿ ಇಟ್ಟುಕೊಂಡು ಓದಿದರು. ಕೊನೆಯ ಅಧ್ಯಾಯಕ್ಕೆ ಬಂದಾಗ ಪಟ್ಟಿ ನಿಂತಿತು.

“ಇನ್ನೂ ತೆರೆದೇ ಇಲ್ಲ, ಆಗ್ಲೇ ಮುಚ್ಚೋ ಮಾತೇನಮ್ಮ?”

“ಹೌದು ಸಾರ್. ತೆರೆಯೋದು ನನ್ನಿಷ್ಟ. ಮುಚ್ಚೋವಾಗ ಬೇರೆಯವರ ಸಾಮಾನು ನನ್ನ ಹತ್ರ ಇರುತ್ತೆ.”

ಅವರು ಎದ್ದು ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ತುಂಬ ಕೈಗಡಿಯಾರಗಳು, ಒಂದಕ್ಕೂ ಚೀಟಿಯಿಲ್ಲ. ಹಿಂದಿನ ಬಾಡಿಗೆದಾರ ಹೇಳದೆ ಕೇಳದೆ ಹೋದಾಗ ಬಿಟ್ಟುಹೋದವು. “ಇವತ್ತಿಗೂ ಜನ ಬಂದು ಕೇಳ್ತಾರೆ, ನಾನೇ ಕದ್ದಿರೋ ಹಾಗೆ ನೋಡ್ತಾರೆ. ಬರವಣಿಗೇಲಿ ಏನೂ ಇಲ್ಲ, ಯಾರ್ದು ಅಂತ ಯಾರಿಗೆ ಕೊಡ್ಲಿ?” ಎಂದರು. ಬೀಗದ ಕೈಯನ್ನು ಅಕ್ಕನ ಮುಂದೆ ಸರಿಸಿದರು.

ನಾನು ಧನ್ಯವಾದ ಹೇಳಿ ಎದ್ದೆ. ಅಕ್ಕ ಏಳಲಿಲ್ಲ. ಆಕೆಯ ಕಣ್ಣು ಡಬ್ಬಿಯ ಮೇಲಿತ್ತು. “ಸರಿ,” ಎಂದಳು, “ಆಮೇಲೆ? ಇವುಗಳ ಗತಿ?”

ಹೀಗಾಗಿ ಚೀಲ ರಿಪೇರಿಯ ಅಂಗಡಿಯ ಮುಂದೆ ಮೊಟ್ಟಮೊದಲು ನೇತುಬಿದ್ದ ಬೋರ್ಡಿನಲ್ಲಿ ಚೀಲದ ಸುದ್ದಿಯೇ ಇರಲಿಲ್ಲ: ‘ಹಿಂದಿನ ಅಂಗಡಿಗೆ ಗಡಿಯಾರ ಕೊಟ್ಟವರು ಗುರುತು ಹೇಳಿ ತೆಗೆದುಕೊಂಡು ಹೋಗುವುದು.’ ಜನ ಬಂದರು. ಪಟ್ಟಿಯ ಬಣ್ಣ, ಗಾಜಿನ ಬಿರುಕು, ಬೆನ್ನ ಮೇಲೆ ಕೆತ್ತಿಸಿದ ಹೆಸರು ಹೇಳಿ, ಯಜಮಾನರ ಪುಸ್ತಕದಲ್ಲಿ ರುಜು ಹಾಕಿ ಒಯ್ದರು. ಒಯ್ದವರು ಮುಂದಿನ ವಾರ ಹರಿದ ಚೀಲ ಹಿಡಿದು ಬಂದರು. ಈಗ ಕಪಾಟಿನಲ್ಲಿ ಜಾಗ ಸಾಲದು. ಹೊಸ ಕತ್ತರಿ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ. ಸಂಜೆ ಬೀಗ ಹಾಕುವಾಗ ಅದನ್ನು ನೀಲಿ ಕೋಟಿನ ಜೇಬಿಗೆ ಇಳಿಸಿಕೊಂಡೇ ಅಕ್ಕ ಮನೆಗೆ ನಡೆಯುವುದು.

ಇಂಥವರು ಎಲ್ಲ ಕುಟುಂಬಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಆರಂಭದ ಸಂಭ್ರಮದಲ್ಲಿ ಅಂತ್ಯದ ಮಾತೆತ್ತುವ ಇವರನ್ನು ಅಪಶಕುನದವರೆಂದು ನಾವು ತುಸು ದೂರವೇ ಕೂರಿಸುತ್ತೇವೆ. ಆದರೆ ಮನೆಯ ಬೀಗದ ಕೈಯನ್ನೋ, ಬೆಲೆಬಾಳುವ ಒಡವೆಯನ್ನೋ, ಜ್ವರ ಬಂದ ಮಗುವನ್ನೋ ಯಾರ ಬಳಿಯಾದರೂ ಬಿಟ್ಟು ಹೋಗಬೇಕಾದ ದಿನ, ನಮ್ಮ ಕಾಲು ನಮ್ಮನ್ನೊಂದು ಮಾತೂ ಕೇಳದೆ ಅವರ ಮನೆಯ ಕಡೆಗೇ ತಿರುಗುತ್ತದೆ.