ತಾರೀಖು ನೋಡುವ ಟೂಲ್

ತೂಕದ ಜಾಗದಲ್ಲಿ ಮೂರೂವರೆ ಕಿಲೋ ಎಂದು ಒತ್ತಿದರೆ ಡ್ರಿಪ್ ಯಂತ್ರ ಮೂವತ್ತೈದು ಕಿಲೋದವರಿಗೆ ಆಗುವಷ್ಟು ಔಷಧಿ ತೋರಿಸಿತು. ದೊಡ್ಡಕ್ಕ ಮತ್ತೆ ಒತ್ತಿದಳು. ಮತ್ತೆ ಅದೇ. ಆ ತಪ್ಪನ್ನು ನಿನ್ನೆಯೇ ತಿದ್ದಿಯಾಗಿತ್ತು. ತಿದ್ದಿದ ಸಾಲನ್ನು ಅವಳೇ ಕಣ್ಣಾರೆ ಓದಿದ್ದಳು. ಹನ್ನೆರಡಕ್ಕೆ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಲು ಮಕ್ಕಳ ಆಸ್ಪತ್ರೆಯವರು ಕಾದು ಕೂತಿದ್ದರು.

ಡ್ರಿಪ್ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಆಫೀಸಿನಲ್ಲಿ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವವಳು ಅವಳು. ವಯಸ್ಸಿಗೆ ಮರ್ಯಾದೆ ಕೊಟ್ಟು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬರೆದ ಕೋಡನ್ನೆಲ್ಲ ಸೇರಿಸಿ, ಯಂತ್ರಕ್ಕೆ ಹಾಕುವ ಹಾಗೆ ಕಟ್ಟಿಕೊಡುವ ಬಿಲ್ಡ್ ಟೂಲ್ ಮಾತ್ರ ಮೇಷ್ಟ್ರ ಕೂಸು. ಮೇಷ್ಟ್ರು ಎಂದರೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಪಾಠ ಹೇಳದೆ ಇರಲಾರದವರು.

"ಮೇಷ್ಟ್ರೇ, ನಿಮ್ಮ ಟೂಲ್ ಹಳೇದನ್ನೇ ಕಟ್ಟಿಕೊಟ್ಟಿದೆ."

"ಸಾಧ್ಯಾನೇ ಇಲ್ಲ. ‘ಎಲ್ಲ ಹೊಸದು, ಮಾಡೋ ಕೆಲಸ ಏನಿಲ್ಲ’ ಅಂತ ಹಸಿರಲ್ಲಿ ಬಂದಿದೆ ನೋಡಿ."

ನೋಡಿದಳು. ಫೈಲಿನ ತಾರೀಖನ್ನೂ ನೋಡಿದಳು. ಯಾವ ಲ್ಯಾಪ್‌ಟಾಪಿನಲ್ಲಿ ತಪ್ಪು ತಿದ್ದಿದ್ದರೋ ಅದರ ಗಡಿಯಾರ ಎರಡು ದಿನ ಹಿಂದಿತ್ತು. ಮೊನ್ನೆ ಕಟ್ಟಿದ್ದಕ್ಕಿಂತ ನಿನ್ನೆ ತಿದ್ದಿದ್ದೇ ಹಳೆಯದೆಂದುಕೊಂಡು ಟೂಲ್ ಅದನ್ನು ಮುಟ್ಟಿಯೂ ಇರಲಿಲ್ಲ.

"ಒಳಗೇನಿದೆ ಅಂತ ನೋಡೋದೇ ಇಲ್ವಾ ಇದು?"

"ತಾರೀಖು ನೋಡಿದ್ರೆ ಸಾಕು. ಒಮ್ಮೆ ಮಾಡಿದ ಕೆಲಸ ಇನ್ನೊಮ್ಮೆ ಮಾಡಬಾರದು. ಅದೇ ಇದರ ಸಿದ್ಧಾಂತ, ದೊಡ್ಡಕ್ಕ."

"ಸಿದ್ಧಾಂತವಂತೆ! ಶೆಲ್ಫಲ್ಲಿ ಕೂತಿದೆ ಅಂದ ಮಾತ್ರಕ್ಕೆ ಎಂಜಲು ತಟ್ಟೆ ತೊಳೆದದ್ದಾಗತ್ತಾ?"

ಯಾರೋ ಕಿಸಕ್ಕೆಂದರು. ಅವಳಿಗೆ ನಗು ಬರಲಿಲ್ಲ, ಹೇಸಿಗೆಯಾಯಿತು. ಆ ಕೋಣೆಯಲ್ಲಿ ಟೂಲನ್ನು ನಂಬಿದವರೇ ಇರಲಿಲ್ಲ. ಅನುಮಾನ ಬಂದಾಗಲೆಲ್ಲ ಎಲ್ಲರೂ, ಸಂಜೆ ಮೇಷ್ಟ್ರು ಮನೆಗೆ ಹೊರಡುವುದನ್ನೇ ಕಾದಿದ್ದು, ಕಟ್ಟಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಿಸುತ್ತಿದ್ದರು. ಅವರೆದುರು ಒಬ್ಬರೂ ಬಾಯಿ ಬಿಟ್ಟವರಲ್ಲ. ಅವಳೂ ಬಿಟ್ಟಿರಲಿಲ್ಲ. ಹೇಸಿಗೆ ಹೆಚ್ಚಾದದ್ದು ಅದಕ್ಕೇ.

ಈಗ ಮೇಷ್ಟ್ರು ನೋಡುತ್ತಿದ್ದಂತೆಯೇ ಎಲ್ಲ ಅಳಿಸಿದಳು.

"ಅಯ್ಯೋ! ಮೊದಲಿಂದ ಕಟ್ಟೋಕೆ ನಾಲ್ಕು ಗಂಟೆ ಬೇಕಲ್ರೀ! ಆಸ್ಪತ್ರೆಯವರಿಗೆ ಏನು ಹೇಳ್ತೀರಿ?"

ದೊಡ್ಡಕ್ಕ ಆಗಲೇ ಸ್ಪೀಕರ್ ಹಾಕಿ ಆಸ್ಪತ್ರೆಗೆ ಫೋನ್ ಹಚ್ಚಿದ್ದಳು.

"ನೆಟ್‌ವರ್ಕ್ ತೊಂದರೆ ಅನ್ನಿ," ಎಂದು ಮೇಷ್ಟ್ರು ಪಿಸುಗುಟ್ಟಿದರು.

ಫೋನ್ ಎತ್ತಿದ್ದು ವಾರ್ಡಿನ ಹಿರಿಯ ನರ್ಸ್. "ಎಲ್ಲಿಗೆ ಬಂತಮ್ಮಾ? ಯಂತ್ರ ತಪ್ಪು ತೋರಿಸಿದಾಗಿಂದ, ಎರಡು ದಿನ ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ ಸಾಕಾಗಿದೆ."

"ಸಿಸ್ಟರ್, ಸಂಜೆವರೆಗೂ ಹಾಗೇ ಲೆಕ್ಕ ಹಾಕಿ. ಯಂತ್ರ ಮುಟ್ಟಬೇಡಿ. ನಾವು ತಪ್ಪು ತಿದ್ದಿದ್ವಿ, ನಮ್ಮ ಟೂಲ್ ಅದನ್ನ ಒಳಗೆ ಹಾಕಲಿಲ್ಲ. ಅದು ಹೀಗೆ ಮಾಡತ್ತೆ ಅಂತ ನಮಗೆಲ್ಲ ಗೊತ್ತಿತ್ತು."

"ಗೊತ್ತಿತ್ತಾ?"

"ಹ್ಞೂಂ."

"ಹಾಗಾದ್ರೆ ಈ ಮೊದಲು ನೀವು ಕಳಿಸಿದ್ದೆಲ್ಲ?"

ಮೇಷ್ಟ್ರು ಮುಖ ತಿರುಗಿಸಿಕೊಂಡರು.

"ಅವನ್ನೂ ಒಂದೊಂದಾಗಿ ನೋಡ್ತೀನಿ, ಸಿಸ್ಟರ್," ಎಂದಳು ದೊಡ್ಡಕ್ಕ. ಹಿಂದೆ ಕಳಿಸಿದ್ದವುಗಳ ಪಟ್ಟಿ ತೆರೆದಳು.