ಆರು ಜನರ ಒಂದು ಬಯೋಡೇಟಾ

"ಕಸ ಗುಡ್ಸೋಕೂ ಒಂದು ಯೋಗ್ಯತೆ ಬೇಕು ಕಣ್ರೇ, ಮುಂಡೇವಾ. ನಾಳೆ ಎಲ್ಲ ಬಯೋಡೇಟಾ ತರ್ಬೇಕು. ಓದಿನ ಜಾಗ ಖಾಲಿ ಇದ್ರೆ ಗೇಟಿಂದಾಚೆ."

ಹೀಗೆಂದು ಸೂಪರ್‌ವೈಸರ್ ನಾವು ಆಗಷ್ಟೇ ಒರೆಸಿದ್ದ ನೆಲವನ್ನು ತುಳಿದುಕೊಂಡು ಹೋದ. ಅವನ ಬೂಟಿನ ಗುರುತು ಅಳಿಸುತ್ತ ನಾವು ಆರೂ ಜನ ಮುಖ ಮುಖ ನೋಡಿಕೊಂಡೆವು. ಹದಿನೇಳು ವರ್ಷದಿಂದ ಆ ಏಳಂತಸ್ತಿನ ಕಚೇರಿ ಗುಡಿಸುತ್ತಿದ್ದವರು ನಾವು. ಅವನು ಬಂದು ಮೂರು ತಿಂಗಳು. ನಮ್ಮ ಜಾಗಕ್ಕೆ ತನ್ನ ಕಡೆಯವರನ್ನು ತುಂಬುವ ಆತುರ ಅವನದು.

ನಮ್ಮಲ್ಲಿ ಓದಿದವಳು ಮೆಟ್ಟಿಲಕ್ಕ ಒಬ್ಬಳೇ. ಮೆಟ್ಟಿಲು ಒರೆಸುವುದು ಅವಳ ಪಾಲಿನ ಕೆಲಸವಾದ್ದರಿಂದ ಆ ಹೆಸರು. ಹತ್ತನೇ ತರಗತಿ ಪಾಸು. ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ಅವಳು ಬಯೋಡೇಟಾ ಟೈಪ್ ಮಾಡಿಸಿದಳು. ಬಕೆಟ್ಟು, ಕೈಗವಸು, ಬುತ್ತಿ ಎಲ್ಲವನ್ನೂ ಹಂಚಿಕೊಂಡೇ ಅಭ್ಯಾಸವಿದ್ದ ನಾವು ಅದಕ್ಕೂ ಐದು ಪ್ರತಿ ತೆಗೆಸಿದೆವು. ಎಲ್ಲದರಲ್ಲೂ ಇವರೊಬ್ಬರದೇ ಹೆಸರಿದೆಯಲ್ಲ ಎಂದು ಅಂಗಡಿಯವನು ಅನುಮಾನಿಸಿದ.

"ಇರ್ಲಿ ಬಿಡಪ್ಪ," ಎಂದಳು ನಮ್ಮಲ್ಲಿ ಹಿರಿಯಳಾದ ಅಜ್ಜಿ. "ಆ ನನ್ಮಗ ನಮ್ಮನ್ನೆಲ್ಲ ಕರೆಯೋದೇ ಏಯ್ ಪೊರಕೆ ಅಂತ. ಹೆಸರು ಎಲ್ಲಿ ನೋಡ್ತಾನೆ?"

ಅಂಗಡಿಯವನು ನಗುತ್ತ ಅಜ್ಜಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಹಾಳೆಗಳು ಮುದುಡದಿರಲೆಂದು ಒಂದು ರಟ್ಟನ್ನೂ ಹುಡುಕಿ ಕೊಟ್ಟ.

ಅಜ್ಜಿ ಹೇಳಿದ್ದೇ ನಿಜವಾಯಿತು. ಮರುದಿನ ಸೂಪರ್‌ವೈಸರ್ ಓದಿನ ಜಾಗ ತುಂಬಿದೆಯೇ ಎಂದಷ್ಟೇ ನೋಡಿ, ಹುಳ್ಳಗೆ ಮುಖ ಮಾಡಿಕೊಂಡು ಐದು ಹಾಳೆಗೂ ಸೀಲು ಒತ್ತಿದ. ಅರವತ್ತು ದಾಟಿದ ಅಜ್ಜಿ ಮೆಟ್ಟಿಲಕ್ಕನ ವಯಸ್ಸಿನಂತೆ ನಲವತ್ತೊಂದರವಳಾಗಿ ಪಾಸಾದಳು. ಕೊನೆಗೆ ಬಂದವಳು ಮೆಟ್ಟಿಲಕ್ಕ. ಅವಳದು ಅಸಲು ಹಾಳೆ, ಅಕ್ಷರಗಳು ಅಚ್ಚ ಕಪ್ಪು. ಅದಕ್ಕೇ ಇರಬೇಕು, ಹೆಸರು ಅವನ ಕಣ್ಣಿಗೆ ಬಿತ್ತು. ಕೆಳಗಿನ ಹಾಳೆಯನ್ನೂ ನೋಡಿದ, ಅಲ್ಲೂ ಅದೇ ಹೆಸರು.

"ಕಳ್ಳಿ! ಇನ್ನೊಬ್ಬಳ ಓದು ಕದ್ಕೊಂಡು ಬಂದಿದೀಯಾ?"

ನನ್ನದೇ ಓದು ಎಂದಳು ಅವಳು. ಹಾಗಾದರೆ ಇದನ್ನು ಓದು ನೋಡೋಣ ಎಂದು ಫೈಲಿನಿಂದ ಕೈಗೆ ಸಿಕ್ಕ ಹಾಳೆಯೊಂದನ್ನು ಎಳೆದು ಅವನು ಅವಳ ಮುಖಕ್ಕೆ ಹಿಡಿದ. ಮೆಟ್ಟಿಲಕ್ಕ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಮೇಲಿನವರಿಂದ ಬಂದ ಆದೇಶ ಅದು. ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸುವವಳಂತೆ ಗಟ್ಟಿಯಾಗಿ ಓದಿದಳು.

"ಸ್ವಚ್ಛತಾ ಕೆಲಸಗಾರರಿಗೆ ವಿದ್ಯಾರ್ಹತೆಯ ಅಗತ್ಯವಿಲ್ಲ. ಈಗಿರುವವರನ್ನೇ ಮುಂದುವರಿಸತಕ್ಕದ್ದು."

ಅವನು ಹಾಳೆ ಕಿತ್ತುಕೊಳ್ಳಲು ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಮುಂದಿನ ಸಾಲಿಗೆ ಬಂದಳು.

"ಮೇಲ್ವಿಚಾರಕರಿಗೆ ಪದವಿ ಕಡ್ಡಾಯ."

ಅಜ್ಜಿ ಬಹಳ ಮರ್ಯಾದೆಯಿಂದ ಕೇಳಿದಳು: "ನಿಮ್ದು ಬಯೋಡೇಟಾ ಎಲ್ಲಿ ಸಾರ್?"

ಮನೆಯಲ್ಲಿದೆ ಎಂದ. ತನ್ನಿ, ಕಾಯುತ್ತೇವೆ ಎಂದೆವು. ಪೊರಕೆಗಳನ್ನು ಗೋಡೆಗೆ ಒರಗಿಸಿ ಆರೂ ಜನ ಮೆಟ್ಟಿಲ ಮೇಲೆ ಸಾಲಾಗಿ ಕುಳಿತೆವು. ಹಾಳೆ ಮೆಟ್ಟಿಲಕ್ಕನ ಮಡಿಲಲ್ಲಿತ್ತು. ಅವನು ಇಳಿಯಲು ಬಂದಾಗ ಅಜ್ಜಿ ಮಾತ್ರ, ಪಾಪ, ಕಾಲು ಮಡಚಿ ಒಂದಿಷ್ಟು ದಾರಿ ಬಿಟ್ಟಳು.

"ಅಂಚಲ್ಲಿ ಹೋಗಿ ಸಾರ್. ಈಗಷ್ಟೇ ಒರ್ಸಿದೀವಿ."